ಭಾರತದಲ್ಲಿ ವಸತಿಹೀನತೆ: ಪ್ರಾದೇಶಿಕ ವ್ಯಾಪ್ತಿ, ಕಾರಣ ಮತ್ತು ಪರಿಭಾಷೆ

ಪ್ರಸ್ತಾವನೆ

ಮನೆಯಿಲ್ಲದವರ ಕುರಿತ ಚರ್ಚೆ ಸಾಮಾನ್ಯವಾಗಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮತ್ತು ನಗರ ಯೋಜನೆಗಳ ವ್ಯಾಪ್ತಿಗೆ ಸೇರಿದ್ದೆಂದು ಭಾವಿಸಲಾಗುತ್ತದೆ. ಎಷ್ಟು ಜನರಿಗೆ ಮನೆಯಿಲ್ಲ, ಎಷ್ಟು ಮನೆಗಳನ್ನು ಕಟ್ಟಬೇಕು ಎಂಬ ಲೆಕ್ಕಾಚಾರದಲ್ಲಿ ಭಾಷೆಯ ಅಧ್ಯಯನಕ್ಕೆ ಸ್ಥಾನವಿಲ್ಲವೆಂಬ ತಿಳಿವಳಿಕೆ ಇದರ ಹಿಂದಿದೆ. ಆದರೆ ಎಣಿಸುವ ಮೊದಲು ಹೆಸರಿಸಬೇಕಾಗುತ್ತದೆ. ಯಾವುದನ್ನು 'ಮನೆ' ಎನ್ನಬೇಕು, ಯಾರನ್ನು 'ಮನೆಯಿಲ್ಲದವರು' ಎನ್ನಬೇಕು ಎಂಬುದು ನಿರ್ಧಾರವಾದ ಮೇಲೆಯೇ ಅಂಕಿಗಳು ಹುಟ್ಟುತ್ತವೆ. ಈ ನಿರ್ಧಾರದಲ್ಲಿ ಬಿಟ್ಟುಹೋದವರು ಅಂಕಿಯಲ್ಲಿಯೂ ಇರುವುದಿಲ್ಲ, ಅಂಕಿಯನ್ನು ಆಧರಿಸಿದ ಯೋಜನೆಯಲ್ಲಿಯೂ ಇರುವುದಿಲ್ಲ.

ಪ್ರಸ್ತುತ ಲೇಖನದಲ್ಲಿ ಭಾರತದ ವಿವಿಧ ಪ್ರದೇಶಗಳಲ್ಲಿ ಕಂಡುಬರುವ ವಸತಿಹೀನತೆಯ ವ್ಯಾಪ್ತಿಯನ್ನು ಜನಗಣತಿಯ ಆಧಾರದಿಂದ ಗುರುತಿಸಿ, ಅದರ ಕಾರಣಗಳನ್ನು ಪರಿಶೀಲಿಸಲಾಗಿದೆ. ವಸತಿಹೀನತೆ ಹುಟ್ಟುವ ಸ್ಥಳ ಮತ್ತು ಅದು ಎಣಿಕೆಗೆ ಸಿಗುವ ಸ್ಥಳ ಬಹುಪಾಲು ಬೇರೆ ಬೇರೆ ಎಂಬುದು ಇಲ್ಲಿನ ಮುಖ್ಯ ವಾದ. ಈ ಎರಡು ಸ್ಥಳಗಳ ನಡುವಿನ ಸಂಬಂಧವನ್ನು ಅಂಕಿಅಂಶಗಳಿಗಿಂತ ಹೆಚ್ಚು ಸ್ಪಷ್ಟವಾಗಿ ಕನ್ನಡದ ಕೆಲವು ಪದಗಳು ಉಳಿಸಿಕೊಂಡಿವೆ ಎಂಬುದನ್ನೂ ತೋರಿಸಲು ಪ್ರಯತ್ನಿಸಲಾಗಿದೆ.

1. ಪರಿಭಾಷೆಯ ಪ್ರಶ್ನೆ

ಕನ್ನಡದ 'ಮನೆ' ಎಂಬ ಪದ ಕಟ್ಟಡವನ್ನಷ್ಟೇ ಸೂಚಿಸುವುದಿಲ್ಲ. ಮನೆತನ, ಮನೆಯವರು, ಮನೆದೇವರು, ಮನೆವಾರ್ತೆ ಮುಂತಾದ ಸಮಾಸಗಳಲ್ಲಿ ವಂಶ, ಕುಟುಂಬ, ಆರಾಧನೆ ಮತ್ತು ನಿರ್ವಹಣೆಯ ಅರ್ಥಗಳು ಸೇರಿಕೊಂಡಿವೆ. ಹೀಗಾಗಿ ಮನೆಯಿಲ್ಲದ ಸ್ಥಿತಿಯನ್ನು ಹೇಳುವ ಮಾತುಗಳೂ ಸೂರಿನ ಅಭಾವವನ್ನು ಮೀರಿ ಸಂಬಂಧದ ಅಭಾವವನ್ನು ಸೂಚಿಸುತ್ತವೆ. 'ಪರದೇಶಿ' ಎಂದರೆ ಬೇರೆ ನಾಡಿನವನು ಎಂಬ ಅರ್ಥ ಹೋಗಿ ಯಾರೂ ಇಲ್ಲದವನು ಎಂಬ ಅರ್ಥ ಬಂದಿದೆ. 'ದಿಕ್ಕಿಲ್ಲದವರು' ಎಂಬಲ್ಲಿ ದಿಕ್ಕು ಆಸರೆಯಾಗಿದೆ. 'ನೆಲೆ' ಎಂಬುದು ವಾಸಸ್ಥಾನವೂ ಹೌದು, ಸ್ಥಿರತೆಯೂ ಹೌದು. ನೆಲೆಗೆಟ್ಟವರು ಎರಡನ್ನೂ ಕಳೆದುಕೊಂಡವರು. 'ಮನೆಮಠ ಕಳೆದುಕೊಂಡವರು' ಎಂಬ ಜೋಡುನುಡಿಯಲ್ಲಿ ಖಾಸಗಿ ಮತ್ತು ಸಾರ್ವಜನಿಕ ಆಶ್ರಯಗಳೆರಡೂ ಒಟ್ಟಿಗೆ ಇಲ್ಲವಾಗುವ ಸ್ಥಿತಿಯ ಕಲ್ಪನೆಯಿದೆ.

ಆಡಳಿತದ ಕನ್ನಡ ಇದಕ್ಕಿಂತ ಭಿನ್ನವಾದ ಪದಕೋಶವನ್ನು ರೂಪಿಸಿಕೊಂಡಿತು. 'ನಿರಾಶ್ರಿತ' ಎಂಬ ಪದ ದೇಶವಿಭಜನೆಯಿಂದ ಬಂದವರಿಗೂ, 1960ರ ದಶಕದ ಆರಂಭದಲ್ಲಿ ಬೈಲುಕುಪ್ಪೆಯಲ್ಲಿ ನೆಲೆಸಿದ ಟಿಬೆಟಿಯನ್ನರಿಗೂ, ನೆರೆಯಲ್ಲಿ ಮನೆ ಕಳೆದುಕೊಂಡವರಿಗೂ ಬಳಕೆಯಾಯಿತು. ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ, 1975ರ ಅಡಿಯಲ್ಲಿ ಭಿಕ್ಷುಕರನ್ನು ಇರಿಸುವ ಸಂಸ್ಥೆಗೂ 'ನಿರಾಶ್ರಿತರ ಪರಿಹಾರ ಕೇಂದ್ರ' ಎಂಬ ಹೆಸರಿದೆ. ಒಂದೇ ಪದ ಒಂದೆಡೆ ಸಹಾನುಭೂತಿಗೆ ಪಾತ್ರರಾದವರನ್ನೂ, ಇನ್ನೊಂದೆಡೆ ಕಾನೂನಿನ ದೃಷ್ಟಿಯಲ್ಲಿ ತಪ್ಪಿತಸ್ಥರಾದವರನ್ನೂ ಸೂಚಿಸುತ್ತಿರುವುದು ಗಮನಾರ್ಹ.

'ವಸತಿರಹಿತ' ಎಂಬ ಪದದ ಸ್ಥಿತಿ ಇನ್ನೂ ತೊಡಕಿನದು. ರಾಜ್ಯದ ವಸತಿ ಯೋಜನೆಗಳಲ್ಲಿ ಸ್ವಂತ ಮನೆಯಿಲ್ಲದ ಕುಟುಂಬ 'ವಸತಿರಹಿತ'. ಮನೆ ಕಟ್ಟಲು ಜಾಗವೂ ಇಲ್ಲದ ಕುಟುಂಬ 'ನಿವೇಶನರಹಿತ'. ಬಾಡಿಗೆ ಮನೆಯಲ್ಲಿ ಇರುವವರೂ, ಕಚ್ಚಾ ಮನೆಯಲ್ಲಿ ಇರುವವರೂ ಈ ಅರ್ಥದಲ್ಲಿ ವಸತಿರಹಿತರಾಗಬಲ್ಲರು. ಜನಗಣತಿಯಾದರೋ ಬಯಲಿನಲ್ಲಿ ಮಲಗುವವರನ್ನು ಮಾತ್ರ ವಸತಿಹೀನರೆಂದು ಪರಿಗಣಿಸುತ್ತದೆ. ಆದ್ದರಿಂದ ಪತ್ರಿಕಾ ವರದಿಯೊಂದರಲ್ಲಿ 'ವಸತಿರಹಿತರ ಸಂಖ್ಯೆ' ಎಂದು ಬಂದಾಗ ಅದು ಯಾವ ಲೆಕ್ಕದ್ದು ಎಂದು ತಿಳಿಯದೆ ಹೋಲಿಕೆ ಮಾಡುವುದು ಸಾಧುವಲ್ಲ. ಈ ಗೊಂದಲವನ್ನು ತಪ್ಪಿಸಲು ಇಲ್ಲಿ ಜನಗಣತಿಯ ಅರ್ಥದಲ್ಲಿ 'ವಸತಿಹೀನ' ಎಂಬ ಪದವನ್ನೇ ಬಳಸಲಾಗಿದೆ.

2. ಜನಗಣತಿ ಕಾಣಿಸುವ ವ್ಯಾಪ್ತಿ

ಕಟ್ಟಡ ಅಥವಾ ಗಣತಿಮನೆಯಲ್ಲಿ ವಾಸಿಸದೆ ರಸ್ತೆಬದಿ, ಕಾಲುದಾರಿ, ದೊಡ್ಡ ಕೊಳವೆಗಳು, ಮೇಲ್ಸೇತುವೆಯ ಕೆಳಭಾಗ, ಮೆಟ್ಟಿಲಿನ ಅಡಿ, ಪೂಜಾಸ್ಥಳಗಳ ಬಯಲು, ಮಂಟಪ, ರೈಲು ನಿಲ್ದಾಣದ ಪ್ಲಾಟ್‌ಫಾರಂ ಮುಂತಾದ ಕಡೆಗಳಲ್ಲಿ ಬಯಲಿನಲ್ಲಿ ಇರುವ ಕುಟುಂಬಗಳನ್ನು 2011ರ ಜನಗಣತಿ ವಸತಿಹೀನ ಕುಟುಂಬಗಳೆಂದು ವ್ಯಾಖ್ಯಾನಿಸಿತು. ಇವರ ಎಣಿಕೆ ಆ ವರ್ಷದ ಫೆಬ್ರವರಿ 28ರ ರಾತ್ರಿ ನಡೆಯಿತು. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಲ್ಪಟ್ಟಿತು. ಮುಂದಿನ ಗಣತಿಗೆ ದೇಶದ ಬಹುಭಾಗದಲ್ಲಿ 2027ರ ಮಾರ್ಚ್ 1 ಆಧಾರದಿನವೆಂದು 2025ರಲ್ಲಿ ಅಧಿಸೂಚಿಸಲಾಯಿತು. ಹೀಗಾಗಿ ಪ್ರಾದೇಶಿಕ ಹೋಲಿಕೆಗೆ 2001 ಮತ್ತು 2011ರ ಅಂಕಿಗಳನ್ನೇ ಆಧರಿಸಬೇಕಾಗಿದೆ.

2001ರಲ್ಲಿ ದೇಶದಲ್ಲಿ ಸುಮಾರು 19.4 ಲಕ್ಷ ವಸತಿಹೀನರಿದ್ದರು. 2011ರಲ್ಲಿ ಈ ಸಂಖ್ಯೆ ಸುಮಾರು 17.7 ಲಕ್ಷಕ್ಕೆ ಇಳಿಯಿತು. ಆದರೆ ಈ ಇಳಿಕೆ ಗ್ರಾಮೀಣ ಭಾಗಕ್ಕೆ ಮಾತ್ರ ಸೀಮಿತವಾದುದು. ಗ್ರಾಮೀಣ ವಸತಿಹೀನರು 11.6 ಲಕ್ಷದಿಂದ 8.3 ಲಕ್ಷಕ್ಕೆ ಇಳಿದರೆ, ನಗರದ ವಸತಿಹೀನರು 7.8 ಲಕ್ಷದಿಂದ 9.4 ಲಕ್ಷಕ್ಕೆ ಏರಿದರು. 2001ರಲ್ಲಿ ಒಟ್ಟು ವಸತಿಹೀನರಲ್ಲಿ ಶೇ. 40ರಷ್ಟಿದ್ದ ನಗರದ ಪಾಲು ಹತ್ತು ವರ್ಷಗಳಲ್ಲಿ ಅರ್ಧವನ್ನು ದಾಟಿತು. ಕುಟುಂಬಗಳ ಸಂಖ್ಯೆ ಸುಮಾರು 4.5 ಲಕ್ಷ, ಸರಾಸರಿ ಕುಟುಂಬಕ್ಕೆ ನಾಲ್ಕು ಜನರ ಸಮೀಪ. ಬೀದಿಯಲ್ಲಿ ಮಲಗುವವರೆಂದರೆ ಕುಟುಂಬ ತೊರೆದ ಒಂಟಿ ಗಂಡಸರು ಎಂಬ ರೂಢಿಯ ಕಲ್ಪನೆಯನ್ನು ಈ ಅಂಕಿ ಅಲ್ಲಗಳೆಯುತ್ತದೆ.

ರಾಜ್ಯವಾರು ನೋಡಿದರೆ 2011ರಲ್ಲಿ ಉತ್ತರ ಪ್ರದೇಶದಲ್ಲಿ ಸುಮಾರು 3.29 ಲಕ್ಷ, ಮಹಾರಾಷ್ಟ್ರದಲ್ಲಿ 2.11 ಲಕ್ಷ, ರಾಜಸ್ಥಾನದಲ್ಲಿ 1.81 ಲಕ್ಷ, ಮಧ್ಯಪ್ರದೇಶದಲ್ಲಿ 1.46 ಲಕ್ಷ, ಗುಜರಾತಿನಲ್ಲಿ 1.44 ಲಕ್ಷ ವಸತಿಹೀನರು ದಾಖಲಾದರು. ಕರ್ನಾಟಕದ ಸಂಖ್ಯೆ ಸುಮಾರು 77 ಸಾವಿರ. ಜನಸಂಖ್ಯೆಯ ಪ್ರಮಾಣಕ್ಕೆ ಅಳವಡಿಸಿದಾಗ ಚಿತ್ರ ಬದಲಾಗುತ್ತದೆ. ಇಡೀ ದೇಶದಲ್ಲಿ ಸಾವಿರಕ್ಕೆ ಸುಮಾರು 1.5 ಮಂದಿ ವಸತಿಹೀನರಾಗಿದ್ದರೆ, ದೆಹಲಿ ಮತ್ತು ರಾಜಸ್ಥಾನಗಳಲ್ಲಿ ಈ ಪ್ರಮಾಣ ಸುಮಾರು 2.7, ಗುಜರಾತಿನಲ್ಲಿ 2.4, ಕರ್ನಾಟಕದಲ್ಲಿ 1.3. ಬಿಹಾರದಲ್ಲಿ ಮತ್ತು ಕೇರಳದಲ್ಲಿ ಇದು ಸಾವಿರಕ್ಕೆ ಅರ್ಧಕ್ಕಿಂತಲೂ ಕಡಿಮೆ.

ಬಡತನವೇ ವಸತಿಹೀನತೆಯ ಕಾರಣ ಎನ್ನುವುದಾದರೆ ಬಿಹಾರ ಈ ಪಟ್ಟಿಯ ಮೇಲ್ಭಾಗದಲ್ಲಿ ಇರಬೇಕಿತ್ತು. ತಲಾ ಆದಾಯದಲ್ಲಿ ದೇಶದ ಕೊನೆಯ ಸಾಲಿನಲ್ಲಿರುವ ಬಿಹಾರವೂ, ಮಾನವ ಅಭಿವೃದ್ಧಿಯಲ್ಲಿ ಮೊದಲ ಸಾಲಿನಲ್ಲಿರುವ ಕೇರಳವೂ ಒಂದೇ ಕಡೆ ನಿಲ್ಲುವುದಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.

3. ಪ್ರದೇಶಗಳು ಮತ್ತು ಕಾರಣಗಳು

ಕೇರಳದ ಕಡಿಮೆ ಪ್ರಮಾಣಕ್ಕೆ ಭೂಸುಧಾರಣೆ ಮುಖ್ಯ ಕಾರಣಗಳಲ್ಲೊಂದು. 1970ರ ಜನವರಿ 1ರಂದು ಜಾರಿಗೆ ಬಂದ ತಿದ್ದುಪಡಿಯ ಮೂಲಕ ಭೂಮಾಲೀಕರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ 'ಕುಡಿಕಿಡಪ್ಪುಕಾರ'ರಿಗೆ ಗುಡಿಸಲಿನ ಸುತ್ತಲಿನ ನೆಲವನ್ನು ಪಡೆಯುವ ಹಕ್ಕು ದೊರೆಯಿತು. ಪಂಚಾಯಿತಿ ವ್ಯಾಪ್ತಿಯಲ್ಲಿ 10 ಸೆಂಟ್ಸ್, ಪುರಸಭೆಯಲ್ಲಿ 5, ಮಹಾನಗರದಲ್ಲಿ 3 ಸೆಂಟ್ಸ್ ಎಂದು ಮಿತಿ ಗೊತ್ತುಮಾಡಲಾಯಿತು. ಇಲ್ಲಿ ಸರ್ಕಾರ ಮೊದಲು ಕೊಟ್ಟದ್ದು ಕಟ್ಟಡವಲ್ಲ, ಎಬ್ಬಿಸಲಾಗದ ನೆಲ. 1972ರಲ್ಲಿ ಆರಂಭವಾದ ಲಕ್ಷ ಮನೆ ಯೋಜನೆ ಆನಂತರದ್ದು. ಕಾಲಕೆಳಗಿನ ನೆಲದ ಭದ್ರತೆ ಮನೆಯ ಮೊದಲ ಅಂಗ ಎಂಬುದಕ್ಕೆ ಇದು ನಿದರ್ಶನ.

ಬಿಹಾರದ ಕಡಿಮೆ ಪ್ರಮಾಣದ ಹಿಂದಿರುವುದು ಬೇರೆಯೇ ಕಥೆ. ಅಲ್ಲಿನ ಕೂಲಿಕಾರ ಕುಟುಂಬಕ್ಕೆ ಊರಿನಲ್ಲಿ ಹುಲ್ಲಿನದೋ ಮಣ್ಣಿನದೋ ಒಂದು ಗುಡಿಸಲು ಇರುತ್ತದೆ. ಗಣತಿಯ ದೃಷ್ಟಿಯಲ್ಲಿ ಅದು ಮನೆ. ಆದರೆ ಆ ಊರಿನಲ್ಲಿ ದುಡಿಮೆ ಇಲ್ಲ. ದುಡಿಯುವ ವಯಸ್ಸಿನ ಗಂಡಸರು ದೆಹಲಿ, ಮುಂಬೈ, ಸೂರತ್, ಲುಧಿಯಾನಗಳಿಗೆ ಹೋಗುತ್ತಾರೆ. ಅಲ್ಲಿ ಸಿಗುವ ಕೂಲಿಯಿಂದ ಬಾಡಿಗೆ ತೆತ್ತರೆ ಊರಿಗೆ ಕಳುಹಿಸಲು ಏನೂ ಉಳಿಯದ ಕಾರಣ ಕೈಗಾಡಿಯ ಮೇಲೆ, ಅಂಗಡಿಯ ಜಗಲಿಯಲ್ಲಿ, ಸೇತುವೆಯ ಕೆಳಗೆ ಮಲಗುವವರೂ ಇದ್ದಾರೆ. ಅಂತಹವರು ಎಣಿಕೆಗೆ ಸಿಕ್ಕರೆ ದೆಹಲಿಯ ವಸತಿಹೀನರು. 2020ರ ಮಾರ್ಚ್ ಕೊನೆಯ ವಾರದಲ್ಲಿ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಲಕ್ಷಾಂತರ ಕಾರ್ಮಿಕರು ಹೆದ್ದಾರಿಗಳಲ್ಲಿ ನಡೆದುಹೋದದ್ದು ಈ ಸಂಬಂಧವನ್ನು ಬಯಲುಮಾಡಿತು. ದುಡಿಮೆ ನಿಂತೊಡನೆ ನಗರದಲ್ಲಿ ಅವರಿಗೆ ಉಳಿಯಲು ಸ್ಥಳವಿರಲಿಲ್ಲ. ಊರಿನಲ್ಲಿ ಮನೆಯಿದ್ದೂ ನಗರದಲ್ಲಿ ಮನೆಯಿಲ್ಲದ ಈ ಸ್ಥಿತಿಯನ್ನು 'ವಸತಿಹೀನ', 'ವಸತಿಸಹಿತ' ಎಂಬ ಎರಡೇ ಕೋಷ್ಟಕಗಳು ಹಿಡಿದಿಡಲಾರವು.

ರಾಜಸ್ಥಾನ, ಗುಜರಾತ್ ಮತ್ತು ಮಧ್ಯಪ್ರದೇಶಗಳ ಹೆಚ್ಚಿನ ಪ್ರಮಾಣದಲ್ಲಿ ಮೂರು ಧಾರೆಗಳು ಕೂಡಿಕೊಂಡಿವೆ. ಮೊದಲನೆಯದು ಮಳೆಯಾಶ್ರಿತ ಬೇಸಾಯದ ಆದಿವಾಸಿ ಪ್ರದೇಶಗಳಿಂದ ನಡೆಯುವ ಋತುಮಾನದ ವಲಸೆ. ಝಾಬುವಾ, ದಾಹೋದ್, ಬಾಂಸವಾಡಾ ಭಾಗಗಳ ಭಿಲ್ ಕುಟುಂಬಗಳು ಮುಂಗಾರಿನ ಬೆಳೆ ಮುಗಿದೊಡನೆ ಅಹಮದಾಬಾದ್, ಸೂರತ್, ವಡೋದರಗಳ ಕಟ್ಟಡ ಕೆಲಸಕ್ಕೆ ಮಕ್ಕಳೊಂದಿಗೆ ತೆರಳುತ್ತವೆ. ಎರಡನೆಯದು ಗಾಡಿಯಾ ಲೋಹಾರರಂತಹ ಅಲೆಮಾರಿ ಸಮುದಾಯಗಳ ಬದುಕು. ಮೂರನೆಯದು ನರ್ಮದಾ ಕಣಿವೆಯ ಅಣೆಕಟ್ಟುಗಳು ಉಂಟುಮಾಡಿದ ಸ್ಥಳಾಂತರ. ಫೆಬ್ರವರಿ ಕೊನೆಯ ರಾತ್ರಿ, ಅಂದರೆ ವಲಸೆಯ ಋತುವಿನಲ್ಲಿ ನಡೆಯುವ ಎಣಿಕೆ ಮೊದಲ ಧಾರೆಯ ಒಂದಂಶವನ್ನು ಹಿಡಿಯುತ್ತದೆ. ಅದೇ ಎಣಿಕೆ ಜುಲೈಯಲ್ಲಿ ನಡೆದಿದ್ದರೆ ಅಂಕಿ ಬೇರೆಯಾಗುತ್ತಿತ್ತು.

ಅಸ್ಸಾಮಿನ ಸ್ಥಿತಿ ಇದಕ್ಕೆ ವ್ಯತಿರಿಕ್ತವಾದುದು. ಬ್ರಹ್ಮಪುತ್ರೆಯ ದಡಕೊರೆತದಿಂದ ಹೊಲ ಮತ್ತು ಮನೆಯ ನೆಲವೇ ನದಿಯ ಪಾಲಾದ ಕುಟುಂಬಗಳು ಒಡ್ಡುಗಳ ಮೇಲೆ ಬಿದಿರಿನ ಗುಡಿಸಲು ಹಾಕಿಕೊಂಡು ಬದುಕುತ್ತವೆ. ಗುಡಿಸಲು ಇರುವುದರಿಂದ ಅವರು ವಸತಿಹೀನರ ಪಟ್ಟಿಗೆ ಬರುವುದಿಲ್ಲ. ಮನೆಯಿದೆ, ಆದರೆ ಅದು ನಿಂತಿರುವ ನೆಲ ಅವರದಲ್ಲ. ಅವರದಾಗಿದ್ದ ನೆಲ ಈಗ ಭೂಮಿಯ ಮೇಲೆಯೇ ಇಲ್ಲ. ಜನಗಣತಿಯ ವ್ಯಾಖ್ಯೆ ಸೂರನ್ನು ನೋಡುತ್ತದೆಯೇ ಹೊರತು ನೆಲವನ್ನು ನೋಡುವುದಿಲ್ಲ ಎಂಬುದಕ್ಕೆ ಇದು ಸ್ಪಷ್ಟ ಉದಾಹರಣೆ.

4. ಕರ್ನಾಟಕದ ಸಂದರ್ಭ: ಗುಳೆ, ಮುಳುಗಡೆ, ಅಲೆಮಾರಿತನ

ದೇಶದ ಮಟ್ಟದಲ್ಲಿ ಕಂಡ ಈ ಕಾರಣಗಳು ಕರ್ನಾಟಕದೊಳಗೂ ಪ್ರದೇಶವಾರು ಹಂಚಿಕೊಂಡಿವೆ. ಕನ್ನಡದಲ್ಲಿ ಇವುಗಳಿಗೆ ಬೇರೆ ಬೇರೆ ಪದಗಳಿರುವುದು ಅಧ್ಯಯನಕ್ಕೆ ಅನುಕೂಲವಾಗಿದೆ.

ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ ಜಿಲ್ಲೆಗಳಲ್ಲಿ ಬಳಕೆಯಲ್ಲಿರುವ 'ಗುಳೆ' ಎಂಬ ಪದವನ್ನು 'ವಲಸೆ' ಎಂಬುದಕ್ಕೆ ಸಮಾನಾರ್ಥಕವೆಂದು ತಿಳಿಯುವುದು ರೂಢಿ. ಆದರೆ ಎರಡರ ನಡುವೆ ಅಂತರವಿದೆ. ವಲಸೆ ಎಂಬುದು ಹಕ್ಕಿಗೂ, ವಿದ್ಯಾರ್ಥಿಗೂ, ಉದ್ಯೋಗಿಗೂ ಅನ್ವಯಿಸುವ ತಟಸ್ಥ ಪದ. ಗುಳೆಯಲ್ಲಿ ಬರ, ಸಾಲ, ಗುಂಪಾಗಿ ಊರು ಬಿಡುವ ಅನಿವಾರ್ಯತೆ ಮತ್ತು ಮಳೆ ಬಂದರೆ ಮರಳುವ ನಿರೀಕ್ಷೆ ಒಟ್ಟಿಗೆ ಇವೆ. ಗುಳೆ ಹೋದವರ ಮನೆಗೆ ಬೀಗ ಬೀಳುತ್ತದೆ ಅಥವಾ ಮುದುಕರು ಉಳಿಯುತ್ತಾರೆ. ಅದೇ ಕುಟುಂಬ ಬೆಂಗಳೂರಿನ ಖಾಲಿ ನಿವೇಶನದಲ್ಲಿ ಟಾರ್ಪಾಲು ಕಟ್ಟಿಕೊಂಡು, ತಾನು ಕಟ್ಟುತ್ತಿರುವ ಬಹುಮಹಡಿ ಕಟ್ಟಡದ ಪಕ್ಕದಲ್ಲಿಯೇ ವಾಸಿಸುತ್ತದೆ. ಬೆಂಗಳೂರಿನ ಅಂಕಿಯಲ್ಲಿ ಕಾಣುವ ವಸತಿಹೀನತೆಯ ಒಂದು ಮೂಲ ಹೀಗೆ ಕಲ್ಯಾಣ ಕರ್ನಾಟಕದ ಒಣಭೂಮಿಯಲ್ಲಿದೆ. 'ಗುಳೆ' ಎಂಬ ಪದ ಈ ಎರಡು ತುದಿಗಳನ್ನೂ ಜೋಡಿಸಿ ಹೇಳುತ್ತದೆ. 'ನಗರದ ವಸತಿಹೀನ' ಎಂಬ ಪದ ಒಂದು ತುದಿಯನ್ನು ಕತ್ತರಿಸಿಬಿಡುತ್ತದೆ.

ಮಲೆನಾಡು ಮತ್ತು ಕೃಷ್ಣಾ ತೀರದಲ್ಲಿ ಕೇಳಿಬರುವ ಪದ 'ಮುಳುಗಡೆ'. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಶರಾವತಿ ಕಣಿವೆಯ ಹಳ್ಳಿಗಳನ್ನು ಮುಳುಗಿಸಿತು. ಅರಣ್ಯಭೂಮಿಯಲ್ಲಿ ನೆಲೆ ಪಡೆದ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ದಶಕಗಳ ಕಾಲ ಇತ್ಯರ್ಥವಾಗದೆ ಉಳಿಯಿತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನೇ ಆವರಿಸಿ ನವನಗರದ ನಿರ್ಮಾಣಕ್ಕೆ ಕಾರಣವಾಯಿತು. ಇವರನ್ನು ಆಡಳಿತ 'ಸಂತ್ರಸ್ತರು' ಎನ್ನುತ್ತದೆ. ನಾ. ಡಿಸೋಜ ಅವರ 'ಮುಳುಗಡೆ' ಮತ್ತು 'ದ್ವೀಪ' ಕಾದಂಬರಿಗಳು ಈ ಅನುಭವವನ್ನು ಕನ್ನಡ ಸಾಹಿತ್ಯದ ವಸ್ತುವಾಗಿಸಿದವು. 'ದ್ವೀಪ'ವನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ಚಲನಚಿತ್ರವನ್ನು ನಿರ್ದೇಶಿಸಿದರು. ಪರಿಹಾರ, ಪುನರ್ವಸತಿ ಎಂಬ ಪದಗಳು ಮನೆಗೆ ಬದಲಿ ಮನೆ ಕೊಡಬಹುದೆಂದು ನಂಬುತ್ತವೆ. ಮನೆಯೆಂದರೆ ನೆಲ, ನೆರೆ, ದೈವ, ದಾರಿಗಳ ಒಟ್ಟು ಸಂಬಂಧವಾಗಿರುವಲ್ಲಿ ಈ ಬದಲಿ ಎಷ್ಟರಮಟ್ಟಿಗೆ ಸಾಧ್ಯ ಎಂಬ ಪ್ರಶ್ನೆಯನ್ನು ಮುಳುಗಡೆಯ ಅನುಭವ ಎತ್ತುತ್ತದೆ.

ಮೂರನೆಯದು ಅಲೆಮಾರಿತನ. ಹೆಳವ, ಬುಡ್ಗ ಜಂಗಮ, ಸುಡುಗಾಡು ಸಿದ್ಧ, ದೊಂಬಿದಾಸ ಮುಂತಾದ ಸಮುದಾಯಗಳಿಗೆ ಚಲನೆಯೇ ಜೀವನಕ್ರಮವಾಗಿತ್ತು. ವಚನ ಪರಂಪರೆ ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಭಾವಿಸಿದ ನಾಡಿನಲ್ಲಿ ಅಲೆಯುವುದು ತಾನಾಗಿಯೇ ಕೊರತೆಯ ಲಕ್ಷಣವಲ್ಲ. ಬಿಡಾರ ಹೂಡಲು ಊರಹೊರಗಿನ ಬಯಲು, ಮೇವಿಗೆ ಗೋಮಾಳ, ಕಲೆಗೆ ಕೇಳುಗರು, ಭಿಕ್ಷೆಗೆ ಒಪ್ಪಿಗೆ ಇರುವವರೆಗೆ ಅವರಿಗೆ ಮನೆಯಿಲ್ಲದಿದ್ದರೂ ನೆಲೆಯಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಚಲನೆಯನ್ನು ಅನುಮಾನಕ್ಕೆ ಒಳಪಡಿಸಿತು. 1952ರಲ್ಲಿ ಆ ಬಗೆಯ ಕಾನೂನು ರದ್ದಾದ ಮೇಲೂ ಅನುಮಾನ ಉಳಿಯಿತು. ಜತೆಗೆ ಸಾರ್ವಜನಿಕ ಬಯಲುಗಳು ಒತ್ತುವರಿಯಾದವು, ಹಂಚಿಕೆಯಾದವು. ಹೀಗೆ ಅಲೆಮಾರಿಗಳು ವಸತಿಹೀನರಾಗಿ ಪರಿವರ್ತನೆಗೊಂಡರು. ಇದರಲ್ಲಿ ಹೆಳವರ ಸ್ಥಿತಿ ವಿಶೇಷವಾಗಿ ಗಮನಿಸಬೇಕಾದದ್ದು. ಒಕ್ಕಲು ಕುಟುಂಬಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದು, ಮನೆಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರನ್ನು ಹೇಳುವವರು ಅವರು. ಇತರರ ಮನೆತನಕ್ಕೆ ದಾಖಲೆಯಾದವರಿಗೆ ತಮ್ಮ ವಾಸಕ್ಕೆ ದಾಖಲೆಯಿಲ್ಲದಿರುವುದು ಜಾನಪದ ಅಧ್ಯಯನ ಎದುರಿಸಬೇಕಾದ ವಾಸ್ತವ.

ಇದಕ್ಕೆ ಪ್ರತಿಯಾಗಿ ನಡೆದ ಪ್ರಯತ್ನಗಳೂ ಇವೆ. ಕರ್ನಾಟಕ ಭೂಸುಧಾರಣಾ ಕಾಯಿದೆಯ 38ನೆಯ ಪ್ರಕರಣ ಕೃಷಿ ಕಾರ್ಮಿಕರ ವಾಸದ ಮನೆಗೆ ಹಕ್ಕು ಕೊಡುವ ಅವಕಾಶ ಕಲ್ಪಿಸಿತು. ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮಗಳಾಗಿಸುವ ತಿದ್ದುಪಡಿಯ ಸಂದರ್ಭದಲ್ಲಿ 'ವಾಸಿಸುವವನೇ ಮನೆಯ ಒಡೆಯ' ಎಂಬ ಮಾತು ಚಲಾವಣೆಗೆ ಬಂತು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯ ಅಚ್ಚಿನಲ್ಲಿ ಮೂಡಿದ ಮಾತು ಇದು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಕಾರ್ಯಕ್ರಮ ನಡೆಯಿತು. ವಾಸವೇ ಒಡೆತನಕ್ಕೆ ಆಧಾರ ಎಂಬ ಈ ತತ್ವ ಕೇರಳದ 1970ರ ಕ್ರಮಕ್ಕೆ ಸಮೀಪವಾದುದು. ಆದರೆ ಒಂದೆಡೆ ನಿಂತು ವಾಸಿಸಲಾಗದ ಅಲೆಮಾರಿಗೂ, ಗುಳೆ ಹೋದವರ ನಗರದ ಬಿಡಾರಕ್ಕೂ ಇದು ತಲುಪಲಾರದು.

5. ಕಾನೂನು, ವಿಳಾಸ ಮತ್ತು ಆಶ್ರಯ

ಬೊಂಬಾಯಿಯ ಕಾಲುದಾರಿ ವಾಸಿಗಳನ್ನು ತೆರವುಗೊಳಿಸುವ ಕ್ರಮದ ವಿರುದ್ಧ ನಡೆದ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ತೀರ್ಪು ನೀಡಿತು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಅದು ಸ್ಪಷ್ಟಪಡಿಸಿತು. ಜನ ಕಾಲುದಾರಿಯಲ್ಲಿ ಮಲಗುವುದು ದುಡಿಮೆಯ ಸ್ಥಳಕ್ಕೆ ಹತ್ತಿರವಿರಬೇಕಾದ ಅನಿವಾರ್ಯತೆಯಿಂದ ಎಂಬುದನ್ನು ಒಪ್ಪಿತು. ಆದರೂ ಕ್ರಮಬದ್ಧವಾಗಿ ತೆರವುಗೊಳಿಸುವುದನ್ನು ತಡೆಯಲಿಲ್ಲ. ದುಡಿಮೆ ಮತ್ತು ವಾಸದ ನಡುವಣ ಸಂಬಂಧವನ್ನು ಗುರುತಿಸಿಯೂ ವಾಸದ ಹಕ್ಕನ್ನು ಕೊಡದ ಈ ತೀರ್ಪಿನ ದ್ವಂದ್ವ ಆನಂತರದ ನೀತಿಗಳಲ್ಲಿಯೂ ಮುಂದುವರಿಯಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ರಾತ್ರಿ ಆಶ್ರಯ ತಾಣಗಳಿರಬೇಕೆಂದು ಸೂಚಿಸಿತು. 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ ಅಡಿಯಲ್ಲಿ ಇದಕ್ಕೆ ಯೋಜನೆ ರೂಪುಗೊಂಡಿತು. ಆಶ್ರಯತಾಣ ಚಳಿಯಿಂದ ಜೀವ ಉಳಿಸುತ್ತದೆ. ಆದರೆ ಗಂಡಸರಿಗೆ, ಹೆಂಗಸರಿಗೆ ಬೇರೆಯಾಗಿರುವ ತಾಣ ಇಡೀ ಕುಟುಂಬವಾಗಿ ಬೀದಿಯಲ್ಲಿರುವವರಿಗೆ ಒದಗುವುದಿಲ್ಲ.

ಮನೆಗಳ ಸಂಖ್ಯೆಯ ಕೊರತೆ ವಸತಿಹೀನತೆಗೆ ಕಾರಣವೆಂಬ ಮಾತನ್ನೂ ಪರಿಶೀಲಿಸಬೇಕು. 2011ರ ಗಣತಿಯಂತೆ ಭಾರತದ ನಗರಗಳಲ್ಲಿ ಸುಮಾರು 1.1 ಕೋಟಿ ಗಣತಿಮನೆಗಳು ಖಾಲಿಯಿದ್ದವು. ಅದೇ ನಗರಗಳ ವಸತಿಹೀನರು 9.4 ಲಕ್ಷ. ಮನೆಗಳಿವೆ, ಮನೆಯಿಲ್ಲದವರೂ ಇದ್ದಾರೆ. ಇಬ್ಬರ ನಡುವೆ ಬೆಲೆ, ಬಾಡಿಗೆ, ಜಾತಿ, ಭಾಷೆ ಮತ್ತು ದಾಖಲೆಗಳ ಗೋಡೆಗಳಿವೆ.

ದಾಖಲೆಯ ವಿಷಯದಲ್ಲಿ ಚುನಾವಣಾ ಆಯೋಗದ ಒಂದು ನಿಯಮ ಭಿನ್ನವಾಗಿದೆ. ವಸತಿಹೀನ ವ್ಯಕ್ತಿ ಮತದಾರನಾಗಲು ಅರ್ಜಿ ಸಲ್ಲಿಸಿದರೆ, ಆತ ಹೇಳಿದ ಸ್ಥಳಕ್ಕೆ ಮತಗಟ್ಟೆ ಅಧಿಕಾರಿ ರಾತ್ರಿಯ ವೇಳೆ ಹೋಗಿ ಆತ ಅಲ್ಲಿ ಮಲಗುವುದನ್ನು ಖಚಿತಪಡಿಸಿಕೊಂಡರೆ ವಾಸಸ್ಥಳಕ್ಕೆ ಬೇರೆ ದಾಖಲೆ ಬೇಕಿಲ್ಲ. ಮಲಗುವ ಜಾಗವನ್ನೇ ವಿಳಾಸವೆಂದು ಒಪ್ಪುವ ಈ ಕ್ರಮ, ಮನೆಯ ಕಲ್ಪನೆಯನ್ನು ಕಟ್ಟಡದಿಂದ ವ್ಯಕ್ತಿಯ ಕಡೆಗೆ ತಿರುಗಿಸುತ್ತದೆ. ಇತರ ಸೌಲಭ್ಯಗಳಿಗೂ ಈ ತತ್ವ ವಿಸ್ತರಿಸಿದರೆ ವಿಳಾಸವಿಲ್ಲದ ಕಾರಣಕ್ಕೆ ವಂಚಿತರಾಗುವವರ ಸಂಖ್ಯೆ ಕಡಿಮೆಯಾದೀತು.

ಸಮಾರೋಪ

ಒಟ್ಟಾರೆಯಾಗಿ, ಭಾರತದ ವಸತಿಹೀನತೆಯನ್ನು ರಾಜ್ಯವಾರು ಪಟ್ಟಿಯಾಗಿ ಓದಿದರೆ ಅದು ತಪ್ಪು ಅರ್ಥಕ್ಕೆ ಎಡೆಮಾಡುತ್ತದೆ. ಬಿಹಾರದ ಸಣ್ಣ ಅಂಕಿ ಮತ್ತು ದೆಹಲಿಯ ದೊಡ್ಡ ಅಂಕಿ ಭಾಗಶಃ ಒಂದೇ ಪ್ರಕ್ರಿಯೆಯ ಎರಡು ತುದಿಗಳು. ರಾಯಚೂರು ಮತ್ತು ಬೆಂಗಳೂರುಗಳ ನಡುವಿನ ಸಂಬಂಧವೂ ಅಂತಹುದೇ. ಕೇರಳದ ಸಣ್ಣ ಅಂಕಿ ನೆಲದ ಹಕ್ಕಿನಿಂದ ಬಂದುದಾದರೆ, ಅಸ್ಸಾಮಿನ ಒಡ್ಡಿನ ಮೇಲಿನವರು ಅಂಕಿಯಲ್ಲಿಯೇ ಇಲ್ಲ. ಕಾರಣಗಳು ಬೇರೆಯಾಗಿರುವುದರಿಂದ ಪರಿಹಾರವೂ ಒಂದೇ ಆಗಲಾರದು. ಗುಳೆಗೆ ಬೇಕಾದದ್ದು ಊರಿನಲ್ಲಿ ದುಡಿಮೆ ಮತ್ತು ನಗರದಲ್ಲಿ ಕೈಗೆಟುಕುವ ಬಾಡಿಗೆ. ಮುಳುಗಡೆಗೆ ಬೇಕಾದದ್ದು ಹಕ್ಕುಪತ್ರ. ಅಲೆಮಾರಿಗೆ ಬೇಕಾದದ್ದು ಬಿಡಾರದ ಬಯಲು ಮತ್ತು ಅನುಮಾನದಿಂದ ಬಿಡುಗಡೆ.

ಈ ವ್ಯತ್ಯಾಸಗಳನ್ನು ಜನರ ಆಡುಮಾತು ಪದಗಳಲ್ಲಿಯೇ ಕಾಪಾಡಿಕೊಂಡಿದೆ. 'ವಸತಿರಹಿತ', 'ನಿರಾಶ್ರಿತ', 'ಸಂತ್ರಸ್ತ' ಎಂಬ ಆಡಳಿತದ ಪದಗಳು ಸ್ಥಿತಿಯನ್ನು ಹೇಳಿ ಕಾರಣವನ್ನು ಮರೆಸುತ್ತವೆ; 'ಗುಳೆ', 'ಮುಳುಗಡೆ' ಎಂಬ ಪದಗಳು ಕಾರಣವನ್ನು ಹೇಳಿಯೇ ಸ್ಥಿತಿಯನ್ನು ಹೇಳುತ್ತವೆ. ಕ್ಷೇತ್ರಕಾರ್ಯದಲ್ಲಿ ತೊಡಗಿರುವ ಕನ್ನಡ ಸಂಶೋಧಕರು ನಿರೂಪಕರ ಊರು, ಜಾತಿ, ವಯಸ್ಸುಗಳನ್ನು ದಾಖಲಿಸುವಂತೆ ಅವರ ವಾಸದ ಸ್ವರೂಪವನ್ನೂ, ಅದನ್ನು ಅವರು ಯಾವ ಪದದಿಂದ ಕರೆಯುತ್ತಾರೆ ಎಂಬುದನ್ನೂ ದಾಖಲಿಸುವ ಅಗತ್ಯವಿದೆ. ಹಾಗೆ ಸಂಗ್ರಹವಾದ ಪದಕೋಶ ಮುಂದಿನ ಗಣತಿಯ ಅಂಕಿಗಳನ್ನು ಓದುವವರಿಗೆ ಅಗತ್ಯ ಪೂರಕ ಸಾಮಗ್ರಿಯಾಗಬಲ್ಲದು.